‘ಪ್ಯಾಲಿಂಪ್ಸೆಸ್ಟ್’: ಪದದ ಅರ್ಥವೂ ಕನ್ನಡ ವಿಮರ್ಶೆಯಲ್ಲಿ ಅದರ ಪ್ರಯೋಗವೂ

ಇಂಗ್ಲಿಷಿನಲ್ಲಿ ವಿರಳವಾಗಿ ಬಳಕೆಯಲ್ಲಿರುವ ಕೆಲವು ಪದಗಳು ವಿಮರ್ಶೆಯ ಪರಿಭಾಷೆಯ ಮೂಲಕ ನಮ್ಮಲ್ಲಿಗೆ ಬಂದು, ತವರಿನಲ್ಲಿ ಇಲ್ಲದಷ್ಟು ಸಲುಗೆಯನ್ನು ಇಲ್ಲಿ ಪಡೆಯುತ್ತವೆ. ‘ಪ್ಯಾಲಿಂಪ್ಸೆಸ್ಟ್’ ಎಂಬುದು ಅಂತಹ ಒಂದು ಪದ. ಕುಮಾರವ್ಯಾಸನ ಕಾವ್ಯ ವ್ಯಾಸಭಾರತದ ಮೇಲೆ ಬರೆದ ಪ್ಯಾಲಿಂಪ್ಸೆಸ್ಟ್, ಶೂನ್ಯಸಂಪಾದನೆ ವಚನಗಳ ಪ್ಯಾಲಿಂಪ್ಸೆಸ್ಟ್, ಕನ್ನಡ ಸಂಸ್ಕೃತಿಯೇ ಒಂದು ಪ್ಯಾಲಿಂಪ್ಸೆಸ್ಟ್ ಎಂಬಂತಹ ಮಾತುಗಳು ವಿಚಾರಸಂಕಿರಣಗಳಲ್ಲಿ ಈಗ ಯಾರನ್ನೂ ಬೆಚ್ಚಿಸುವುದಿಲ್ಲ. ಒಂದರ ಮೇಲೊಂದು ಪದರವಿರುವ ಯಾವುದೇ ವಸ್ತುವಿಗೆ ಈ ಹೆಸರು ಸಲ್ಲುತ್ತದೆಂದು ಬಹುಮಂದಿ ಭಾವಿಸಿದಂತಿದೆ. ಆ ಪದದ ಮೂಲಾರ್ಥವೇನು, ಅದು ಯಾವ ಬರಹಸಾಮಗ್ರಿಯಿಂದ ಹುಟ್ಟಿತು, ರೂಪಕವಾದಾಗ ಏನನ್ನು ಕಳೆದುಕೊಂಡಿತು, ನಮ್ಮ ಓಲೆಯ ಪರಂಪರೆಗೆ ಅದನ್ನು ಹಚ್ಚುವುದು ಎಷ್ಟರಮಟ್ಟಿಗೆ ಯುಕ್ತ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಕೇವಲ ಪದಶುದ್ಧಿಯ ಪ್ರಶ್ನೆಯಲ್ಲ. ತಪ್ಪು ರೂಪಕವೊಂದು ನಮ್ಮ ಸಾಹಿತ್ಯಚರಿತ್ರೆಯ ಬಗ್ಗೆ ತಪ್ಪು ಸಮಾಧಾನವನ್ನು ಕೊಡುತ್ತಿದೆ ಎಂಬ ಆತಂಕವೇ ಈ ಬರಹಕ್ಕೆ ಕಾರಣ.

ಪದ ಗ್ರೀಕ್ ಮೂಲದ್ದು. ‘ಪಾಲಿನ್’ ಎಂದರೆ ಮತ್ತೆ. ಎರಡನೆಯ ಭಾಗಕ್ಕೆ ಉಜ್ಜು, ಒರಸಿ ನುಣುಪುಮಾಡು ಎಂಬ ಅರ್ಥದ ಧಾತು ಆಧಾರ. ಆದುದರಿಂದ ಇದರ ನೇರ ಅರ್ಥ ‘ಮತ್ತೆ ಉಜ್ಜಿದ್ದು’. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಪದದೊಳಗೆ ‘ಬರೆ’ ಎಂಬ ಅರ್ಥದ ಅಂಶವೇ ಇಲ್ಲ. ‘ಪದರ’ ಎಂಬುದೂ ಇಲ್ಲ. ಇರುವುದು ಉಜ್ಜುವ ಕ್ರಿಯೆಯೊಂದೇ. ಬರಹವಿದ್ದ ಹಾಳೆಯನ್ನು ಒರಸಿ ಅಥವಾ ಹೆರೆದು, ಹೊಸ ಬರಹಕ್ಕೆ ಅಣಿಮಾಡಿದ್ದು ಪ್ಯಾಲಿಂಪ್ಸೆಸ್ಟ್. ಲ್ಯಾಟಿನ್ ಕವಿ ಕಟುಲ್ಲಸ್ ಇದನ್ನು ಅಗ್ಗದ ಬರಹಸಾಮಗ್ರಿಯೆಂಬ ಧಾಟಿಯಲ್ಲಿ ಪ್ರಸ್ತಾಪಿಸುತ್ತಾನೆ. ಸಿಸೆರೊ ತನ್ನ ಕಿರಿಯ ಮಿತ್ರ ಟ್ರೆಬೇಷಿಯಸ್‌ಗೆ ಬರೆದ ಪತ್ರವೊಂದರಲ್ಲಿ ಈ ಪದದ ಸುತ್ತ ಒಂದು ವಿನೋದವನ್ನೇ ಕಟ್ಟಿದ್ದಾನೆ. ಒರಸಿದ ಹಾಳೆಯ ಮೇಲೆ ಕಾಗದ ಬರೆದ ನಿನ್ನ ಮಿತವ್ಯಯವನ್ನು ಮೆಚ್ಚಿದೆ. ಆದರೆ ಇಂತಹ ಕಾಗದಕ್ಕಾಗಿ ಒರಸಿಹಾಕಬಹುದಾದದ್ದು ಆ ಹಾಳೆಯಲ್ಲಿ ಏನಿತ್ತು, ನನ್ನ ಪತ್ರಗಳನ್ನೇ ಒರಸಿಲ್ಲ ತಾನೆ, ಎಂದು ಅವನು ಕೇಳುತ್ತಾನೆ. ಎರಡು ಸಾವಿರ ವರ್ಷಗಳ ಹಿಂದಿನ ಈ ಹಾಸ್ಯದಲ್ಲಿ ಪದದ ತಿರುಳು ಇದೆ. ಸಿಸೆರೊನ ಕುತೂಹಲ ಮೇಲಿನ ಬರಹದ ಬಗ್ಗೆ ಅಲ್ಲ. ಅಳಿದುಹೋದದ್ದು ಏನು, ಯಾರದು ಎಂಬುದರ ಬಗ್ಗೆ.

ಯೂರೋಪಿನ ಮಧ್ಯಯುಗದಲ್ಲಿ ಗ್ರಂಥಗಳನ್ನು ಬರೆಯುತ್ತಿದ್ದುದು ಮುಖ್ಯವಾಗಿ ಹದಮಾಡಿದ ತೊಗಲಿನ ಮೇಲೆ. ಒಂದು ದೊಡ್ಡ ಗ್ರಂಥಕ್ಕೆ ಕುರಿಯ ಅಥವಾ ಕರುವಿನ ಚರ್ಮಗಳು ಹತ್ತಾರು ಬೇಕಾಗುತ್ತಿದ್ದವು. ಹೀಗಾಗಿ ಬೇಡವೆನಿಸಿದ ಗ್ರಂಥದ ಹಾಳೆಗಳನ್ನು ಬಿಚ್ಚಿ, ತೊಳೆದು, ಉಜ್ಜಿ, ಮೇಲೆ ಹೊಸದನ್ನು ಬರೆಯುವುದು ರೂಢಿಗೆ ಬಂತು. ಆದರೆ ಮಸಿ ತೊಗಲಿನೊಳಕ್ಕೆ ಇಳಿದಿರುತ್ತಿತ್ತು. ಎಷ್ಟು ಉಜ್ಜಿದರೂ ಅದರ ಕಲೆ ಪೂರ್ತಿ ಹೋಗುತ್ತಿರಲಿಲ್ಲ. ಸಿಸೆರೊನ ರಾಜ್ಯಶಾಸ್ತ್ರ ಗ್ರಂಥದ ಬಹುಭಾಗ ಶತಮಾನಗಳ ಕಾಲ ನಷ್ಟವಾಗಿತ್ತು. ಸಂತ ಆಗಸ್ಟೀನನ ಕೀರ್ತನೆಗಳ ವ್ಯಾಖ್ಯಾನದ ಅಡಿಯಲ್ಲಿ ಅದರ ದೊಡ್ಡ ಭಾಗವೊಂದನ್ನು ವ್ಯಾಟಿಕನ್ನಿನಲ್ಲಿ ಆಂಜೆಲೊ ಮಾಯ್ 1819ರಲ್ಲಿ ಗುರುತಿಸಿ, 1822ರಲ್ಲಿ ಪ್ರಕಟಿಸಿದನು. ಒರಸಿದ ಹಾಳೆಯ ಬಗ್ಗೆ ವಿನೋದವಾಡಿದವನ ಗ್ರಂಥವೇ ಒರಸಿದ ಹಾಳೆಯ ಅಡಿಯಿಂದ ಎದ್ದುಬಂತು.

ಇವುಗಳಲ್ಲಿ ಆರ್ಕಿಮಿಡೀಸನ ಗ್ರಂಥದ ಕಥೆ ಹೆಚ್ಚು ಬೋಧಪ್ರದವಾದುದು. ಅವನ ಕೃತಿಗಳ ಒಂದು ಪ್ರತಿ 10ನೆಯ ಶತಮಾನದಲ್ಲಿ ತೊಗಲಿನ ಮೇಲೆ ಸಿದ್ಧವಾಯಿತು. 1229ರಲ್ಲಿ ಪ್ರಾರ್ಥನಾಗ್ರಂಥವೊಂದನ್ನು ಬರೆಯಲು ಲಿಪಿಕಾರನೊಬ್ಬ ಆ ಹಾಳೆಗಳನ್ನು ಬಿಚ್ಚಿ, ಅಕ್ಷರಗಳನ್ನು ಉಜ್ಜಿ ತೆಗೆದು, ಹಾಳೆಗಳನ್ನು ಅಡ್ಡಲಾಗಿ ತಿರುಗಿಸಿ, ಮಡಚಿ ಅರ್ಧ ಅಳತೆಯ ಪುಸ್ತಕ ಮಾಡಿಕೊಂಡನು. ಪ್ರಾರ್ಥನೆಯ ಸಾಲುಗಳು ಗಣಿತದ ಸಾಲುಗಳನ್ನು ಅಡ್ಡಹಾಯುವಂತೆ ಕಾಣುವುದು ಇದರಿಂದಲೇ. ಆರ್ಕಿಮಿಡೀಸನದಷ್ಟೇ ಅಲ್ಲ, ಹೈಪರೀಡಿಸ್ ಎಂಬ ಅಥೆನ್ಸಿನ ವಾಗ್ಮಿಯ ಭಾಷಣಗಳೂ ಅದೇ ಪುಸ್ತಕದ ಅಡಿಗೆ ಸೇರಿಹೋಗಿದ್ದವು. ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ 1906ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಇದನ್ನು ಪರೀಕ್ಷಿಸಿ, ಅಡಿಯಲ್ಲಿರುವುದು ಆರ್ಕಿಮಿಡೀಸನೆಂದು ಗುರುತಿಸಿದನು. ಮುಂದೆ ಪುಸ್ತಕ ಕಣ್ಮರೆಯಾಗಿ, 1998ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾಯಿತು. ಅನಂತರದ ಒಂದು ದಶಕದಲ್ಲಿ ಬಾಲ್ಟಿಮೋರಿನ ವಾಲ್ಟರ್ಸ್ ಕಲಾಸಂಗ್ರಹಾಲಯದ ಆಶ್ರಯದಲ್ಲಿ ಬೇರೆ ಬೇರೆ ತರಂಗಾಂತರದ ಬೆಳಕಿನ ಛಾಯಾಚಿತ್ರಗಳಿಂದಲೂ ಕ್ಷಕಿರಣಗಳಿಂದಲೂ ಅದನ್ನು ಓದಲಾಯಿತು. ಯಾಂತ್ರಿಕ ಪ್ರಮೇಯಗಳ ವಿಧಾನವನ್ನು ಕುರಿತ ಅವನ ಗ್ರಂಥದ ಗ್ರೀಕ್ ಪಾಠ ಉಳಿದಿರುವುದು ಈ ಒಂದು ಪುಸ್ತಕದಲ್ಲಿ ಮಾತ್ರ.

ಇಲ್ಲಿ ಒಂದು ವಿಪರ್ಯಾಸವಿದೆ. ಉಜ್ಜಿದವನು ಆ ಗ್ರಂಥದ ಹಂತಕನೂ ಹೌದು, ರಕ್ಷಕನೂ ಹೌದು. ಪ್ರಾರ್ಥನಾಗ್ರಂಥವಾದುದರಿಂದಲೇ ಆ ಹಾಳೆಗಳನ್ನು ಜನ ಶತಮಾನಗಳ ಕಾಲ ಜೋಪಾನಮಾಡಿದರು. ಪ್ಯಾಲಿಂಪ್ಸೆಸ್ಟಿನಲ್ಲಿ ಮೂರು ಅಂಶಗಳು ಕೂಡಿರುತ್ತವೆಂದು ಈ ಉದಾಹರಣೆಗಳಿಂದ ತಿಳಿಯಬಹುದು: ಬರೆಯುವ ಸಾಮಗ್ರಿ ದುರ್ಲಭವಾಗಿರಬೇಕು, ಹಿಂದಿನದು ಬೇಡವೆಂಬ ತೀರ್ಮಾನವಾಗಿ ಅದನ್ನು ಅಳಿಸಿರಬೇಕು, ಅಳಿಸಿದ್ದು ಅಳಿಸಿದವನ ಇಚ್ಛೆಯನ್ನು ಮೀರಿ ಉಳಿದಿರಬೇಕು. ಇವುಗಳಲ್ಲಿ ನಡುವಿನದನ್ನು ಬಿಟ್ಟರೆ ಪದಕ್ಕೆ ಅರ್ಥವೇ ಉಳಿಯದು.

ಆ ನಡುವಿನ ಅಂಶವೇ ರೂಪಕದಲ್ಲಿ ಮೊದಲು ಸಡಿಲಗೊಂಡದ್ದು. ಪದವನ್ನು ಹಸ್ತಪ್ರತಿತಜ್ಞರ ಕೋಣೆಯಿಂದ ಸಾಹಿತ್ಯದ ಬಯಲಿಗೆ ತಂದವನು ಬಹುಮಟ್ಟಿಗೆ ಥಾಮಸ್ ಡಿ ಕ್ವಿನ್ಸಿ. 1845ರ ಅವನ ಪ್ರಬಂಧದಲ್ಲಿ ಒಂದೇ ತೊಗಲಿನ ಮೇಲೆ ಗ್ರೀಕ್ ದುರಂತ ನಾಟಕ, ಸಂನ್ಯಾಸಿಗಳ ಪುರಾಣಕಥೆ, ವೀರರ ರಮ್ಯಕಥೆ ಕ್ರಮವಾಗಿ ಬರುತ್ತವೆ. ಮನುಷ್ಯನ ಮಿದುಳೂ ಇಂತಹದೇ, ಅದರಲ್ಲಿ ಬಿದ್ದ ಯಾವ ಮುದ್ರೆಯೂ ನಿಜವಾಗಿ ಅಳಿಯುವುದಿಲ್ಲ ಎಂಬುದು ಅವನ ನಂಬಿಕೆ. ನಷ್ಟವನ್ನು ಹೇಳುತ್ತಿದ್ದ ಪದ ಅವನ ಕೈಯಲ್ಲಿ ಅಮರತ್ವವನ್ನು ಹೇಳತೊಡಗಿತು. ಡಿ ಕ್ವಿನ್ಸಿಯ ಕಲ್ಪನೆ ಸುಂದರವಾದುದು. ಆದರೆ ನೆನಪು ಕಳೆದುಕೊಂಡ ಹಿರಿಯರನ್ನು ಮನೆಯಲ್ಲಿ ನೋಡಿಕೊಂಡವರು ಅದನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

ಶಾಸ್ತ್ರಗಳಲ್ಲಿ ಪದದ ಬಳಕೆ ಇದಕ್ಕಿಂತ ಎಚ್ಚರದ್ದು. ಇಂಗ್ಲೆಂಡಿನ ಚರ್ಚುಗಳಲ್ಲಿರುವ ಹಿತ್ತಾಳೆಯ ಸಮಾಧಿಫಲಕಗಳಲ್ಲಿ ಕೆಲವನ್ನು ಮಗುಚಿ ಹಿಂಬದಿಯಲ್ಲಿ ಮತ್ತೊಬ್ಬರ ಹೆಸರನ್ನು ಕೊರೆದಿರುತ್ತಾರೆ. ಅವುಗಳಿಗೆ ಈ ಹೆಸರಿದೆ. ಗುರುಗ್ರಹದ ಉಪಗ್ರಹವಾದ ಗ್ಯಾನಿಮೀಡಿನ ಮೇಲೆ ಹಳೆಯ ಉಲ್ಕಾಕುಳಿಗಳ ಏರುತಗ್ಗು ಹಿಮದ ನಿಧಾನ ಹರಿವಿನಿಂದ ಸಮತಟ್ಟಾಗಿ, ಬಣ್ಣದ ವೃತ್ತ ಮಾತ್ರ ಉಳಿದಿರುವ ಪ್ರದೇಶಗಳನ್ನೂ ಖಗೋಳಜ್ಞರು ಹೀಗೆಯೇ ಕರೆಯುತ್ತಾರೆ. ಅಳಿದುಹೋದದ್ದರ ಗುರುತು ಎಂಬ ಅರ್ಥ ಎರಡರಲ್ಲೂ ಕೆಡದೆ ನಿಂತಿದೆ. ವಿಜ್ಞಾನಿ ಪದಾರ್ಥವನ್ನು ಕಾಪಾಡಿ, ಸಾಹಿತ್ಯವಿಮರ್ಶಕ ಅದನ್ನು ಚೆಲ್ಲಿದ್ದು ಸ್ವಲ್ಪ ಸಂಕೋಚದ ವಿಷಯವೇ.

ವಿಮರ್ಶೆಯಲ್ಲಿ ಈ ಪದ ನೆಲೆಗೊಂಡದ್ದು ಜೆರಾರ್ ಜೆನೆಟ್‌ನ 1982ರ ಫ್ರೆಂಚ್ ಗ್ರಂಥದಿಂದ. ಅದರ ಇಂಗ್ಲಿಷ್ ಅನುವಾದ 1997ರಲ್ಲಿ ಬಂತು. ಒಂದು ಕೃತಿ ಹಿಂದಿನ ಕೃತಿಯೊಂದರಿಂದ ಅನುಕರಣ, ಪರಿವರ್ತನ, ವಿಡಂಬನಗಳ ಮೂಲಕ ಹೇಗೆ ಹುಟ್ಟುತ್ತದೆಂಬುದರ ವಿಸ್ತಾರವಾದ ವರ್ಗೀಕರಣ ಅದು. ಗ್ರಂಥದ ಹೆಸರೇ ‘ಪ್ಯಾಲಿಂಪ್ಸೆಸ್ಟ್‌ಗಳು’. ಆದರೆ ಅವನು ವಿವೇಚಿಸುವ ಕೃತಿಗಳಲ್ಲಿ ಅಳಿಸುವಿಕೆ ಎಲ್ಲಿದೆ? ಜಾಯ್ಸನ ‘ಯುಲಿಸಿಸ್’ ಬಂದುದರಿಂದ ಹೋಮರನ ಒಂದಕ್ಷರವೂ ಒರಸಿಹೋಗಲಿಲ್ಲ. ಜೆನೆಟ್ ಪ್ಯಾಲಿಂಪ್ಸೆಸ್ಟಿನಿಂದ ತೆಗೆದುಕೊಂಡದ್ದು ಪಾರದರ್ಶಕತೆಯನ್ನು ಮಾತ್ರ. ಅವನ ವರ್ಗೀಕರಣದ ಉಪಯುಕ್ತತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಶೀರ್ಷಿಕೆಯ ಅಲಂಕಾರವನ್ನು ಸಿದ್ಧಾಂತವೆಂದು ತಿಳಿದ ನಮ್ಮವರ ಆತುರವಷ್ಟೇ ನಮ್ಮ ಆಕ್ಷೇಪಕ್ಕೆ ವಿಷಯ. ಭಾರತದ ಓದುಗರಿಗಂತೂ ಇದಕ್ಕೂ ಮೊದಲೇ ಪದದ ಪರಿಚಯವಿತ್ತು. 1946ರ ‘ಡಿಸ್ಕವರಿ ಆಫ್ ಇಂಡಿಯಾ’ದಲ್ಲಿ ಜವಾಹರಲಾಲ್ ನೆಹರೂ ಭಾರತವನ್ನು ಪ್ರಾಚೀನ ಪ್ಯಾಲಿಂಪ್ಸೆಸ್ಟಿಗೆ ಹೋಲಿಸಿ, ಮೇಲಿನ ಯಾವ ಪದರವೂ ಕೆಳಗಿನದನ್ನು ಪೂರ್ತಿಯಾಗಿ ಮರೆಮಾಡಿಲ್ಲವೆಂಬ ಭಾವವನ್ನು ವ್ಯಕ್ತಪಡಿಸಿದರು. ಸೆರೆಮನೆಯಲ್ಲಿದ್ದು ಒಡಕಿನ ಭೀತಿಯ ನಡುವೆ ಬರೆಯುತ್ತಿದ್ದವರಿಗೆ ಆ ಆಶ್ವಾಸನೆ ಬೇಕಿತ್ತು. ಆ ಸಂದರ್ಭದ ಆಶ್ವಾಸನೆ ನಮಗೆ ಸಂಶೋಧನೆಯ ಸೂತ್ರವಾಗಬೇಕಾಗಿಲ್ಲ.

ಇನ್ನು ಕನ್ನಡದ ಕಡೆಗೆ ಬರೋಣ. ನಮ್ಮ ಪ್ರಾಚೀನ ಗ್ರಂಥಗಳು ಬಂದಿರುವುದು ಬಹುತೇಕ ತಾಳೆಯೋಲೆಯಲ್ಲಿ. ದಕ್ಷಿಣದಲ್ಲಿ ಸಾಮಾನ್ಯವಾಗಿ ಓಲೆಯ ಮೇಲೆ ಬರೆಯುವುದೆಂದರೆ ಕಂಟದಿಂದ ಕೊರೆಯುವುದು. ಅನಂತರ ಮಸಿ ಸವರಿ ಒರಸಿದಾಗ ಗೀರುಗಳಲ್ಲಿ ಮಸಿ ನಿಂತು ಅಕ್ಷರ ಕಣ್ಣಿಗೆ ಕಾಣುತ್ತದೆ. ಇದನ್ನು ಒರಸಿದರೆ ಮಸಿ ಹೋದೀತು, ಗೀರು ಹೋಗದು. ಮತ್ತೆ ಮಸಿ ಸವರಿದರೆ ಅಕ್ಷರ ಮತ್ತೆ ಮೂಡುತ್ತದೆ. ಹೆರೆಯಹೊರಟರೆ ಓಲೆಯೇ ಹರಿಯುತ್ತದೆ. ಅದರ ಹಿಂಬದಿಯಲ್ಲೂ ಬರಹವಿರುತ್ತದೆಂಬುದನ್ನು ನೆನೆಯಬೇಕು. ಲಿಪಿಕಾರ ತಪ್ಪಿದಾಗ ಆ ಅಕ್ಷರವನ್ನು ಹೊಡೆದುಹಾಕಿ ಮುಂದೆ ಬರೆಯುತ್ತಾನೆ. ಬಿಟ್ಟುಹೋದುದನ್ನು ಹಂಸಪಾದ ಹಾಕಿ ಅಂಚಿನಲ್ಲಿ ಸೇರಿಸುತ್ತಾನೆ. ತಪ್ಪೂ ತಿದ್ದುಪಡಿಯೂ ಒಂದೇ ಮುಖದ ಮೇಲೆ, ಓದುಗನ ಕಣ್ಣೆದುರಿಗೆ ಇರುತ್ತವೆ. ಅಲ್ಲಿ ಕೆಳಪದರವೆಂಬುದೇ ಇಲ್ಲ.

ಅಳಿಸಿ ಬರೆಯುವ ಸಾಮಗ್ರಿ ನಮ್ಮಲ್ಲಿ ಇರಲಿಲ್ಲವೆಂದು ಇದರ ಅರ್ಥವಲ್ಲ. ಹಲಗೆ ಇತ್ತು, ಬಳಪವಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಡತ ಇತ್ತು. ವರ್ತಕರ ಲೆಕ್ಕಗಳೂ ಮಠಮಾನ್ಯಗಳ ದಾಖಲೆಗಳೂ ಅದರಲ್ಲಿ ಬಳಪದಿಂದ ಬರೆಯಲ್ಪಡುತ್ತಿದ್ದವು. ಶೃಂಗೇರಿಯ ಕಡತಗಳು ಪ್ರಸಿದ್ಧವಾಗಿವೆ. ಒರಸಿ ಮತ್ತೆ ಬರೆಯಬಹುದಾದ ವಸ್ತು ಅದು. ಇಂದು ಕಚೇರಿಯ ಫೈಲಿಗೆ ನಾವು ಕಡತವೆನ್ನುವಾಗ ಈ ಕಪ್ಪುಬಟ್ಟೆ ಯಾರ ನೆನಪಿಗೂ ಬರುವುದಿಲ್ಲ. ಅಂದರೆ ಒರಸಬಹುದಾದುದಕ್ಕೂ ಒರಸಬಾರದುದಕ್ಕೂ ನಮ್ಮ ಹಿಂದಿನವರು ಬೇರೆ ಬೇರೆ ಸಾಮಗ್ರಿಗಳನ್ನು ಇಟ್ಟುಕೊಂಡಿದ್ದರು: ಕಲಿಕೆಗೂ ಕರಡಿಗೂ ಹಲಗೆ, ಲೆಕ್ಕಕ್ಕೆ ಕಡತ, ಕಾವ್ಯಕ್ಕೆ ಓಲೆ.

ಈ ವ್ಯತ್ಯಾಸದ ಪ್ರಜ್ಞೆ ಕವಿಗಳಿಗೂ ಇತ್ತೆಂಬುದಕ್ಕೆ ಕುಮಾರವ್ಯಾಸನೇ ಸಾಕ್ಷಿ. ಕರ್ಣಾಟ ಭಾರತ ಕಥಾಮಂಜರಿಯ ಪೀಠಿಕೆಯಲ್ಲಿ ಅವನು ತನ್ನ ಹೆಗ್ಗಳಿಕೆಗಳನ್ನು ಹೇಳಿಕೊಳ್ಳುವ ಪದ್ಯ ಎಲ್ಲರಿಗೂ ಪರಿಚಿತವಾದುದು. ಹಲಗೆ ಬಳಪಗಳನ್ನು ಕೈಗೆತ್ತಿಕೊಳ್ಳದಿರುವುದು, ಇಟ್ಟ ಮಾತನ್ನು ಅಳಿಸದಿರುವುದು, ಪರರ ರೀತಿಯನ್ನು ಎರವಲು ಪಡೆಯದಿರುವುದು, ಓಲೆಯ ಮೇಲೆ ಕಂಟದ ಸದ್ದು ನಿಲ್ಲದಂತೆ ಬರೆಯುವುದು ಎಂಬಿವು ಅಲ್ಲಿ ಬರುತ್ತವೆ. ಕವಿಯ ಆತ್ಮಪ್ರಶಂಸೆಯನ್ನು ದಾಖಲೆಯಂತೆ ಓದಬಾರದು, ನಿಜ. ಅವನು ಒಮ್ಮೆಯೂ ಹಲಗೆ ಮುಟ್ಟಲಿಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ಆ ಕಾಲಕ್ಕೆ ಹೆಮ್ಮೆಯೆನಿಸಿದ್ದು ಯಾವುದು ಎಂಬುದಕ್ಕೆ ಅದು ಖಚಿತವಾದ ಆಧಾರ. ಅಳಿಸುವುದನ್ನು ಹಲಗೆಗೆ ಬಿಟ್ಟು, ಅಳಿಸದಿರುವುದನ್ನು ಓಲೆಗೆ ಸೇರಿಸಿ, ತಾನು ಓಲೆಯ ಕವಿ ಎಂದು ಆತ ಹೇಳಿಕೊಳ್ಳುತ್ತಿದ್ದಾನೆ. ಇಂತಹ ಕವಿಯ ಕಾವ್ಯವನ್ನೇ ‘ಮತ್ತೆ ಉಜ್ಜಿದ್ದು’ ಎಂದು ಕರೆಯುವುದು ವಿಚಿತ್ರವಾಗಿ ಕಾಣುವುದಿಲ್ಲವೆ?

ಪರಂಪರೆಯೊಡನೆ ಅವನ ಸಂಬಂಧವನ್ನು ನೋಡಿದರೂ ಇದೇ ತೀರ್ಮಾನಕ್ಕೆ ಬರಬೇಕಾಗುತ್ತದೆ. ರಾಮಾಯಣವನ್ನು ಬರೆದ ಕವಿಗಳ ಭಾರವನ್ನು ಭೂಮಿ ಹೊತ್ತ ಶೇಷನೂ ತಾಳಲಾರದಾದನೆಂಬ ಅವನ ಚಿತ್ರದಲ್ಲಿ ಹಿಂದಿನ ಕವಿಗಳು ಅಳಿದಿಲ್ಲ, ಅತಿಯಾಗಿ ಉಳಿದಿದ್ದಾರೆ. ಅವನ ತೊಂದರೆ ತೊಗಲಿನ ಅಭಾವದ್ದಲ್ಲ, ದಾರಿಯಲ್ಲಿ ಕಾಲಿಡಲು ಎಡೆಯಿಲ್ಲದಷ್ಟು ಜನ ಇರುವುದರದ್ದು. ರನ್ನನು ಗದಾಯುದ್ಧದಲ್ಲಿ ಪಂಪನಿಗೆ ಋಣಿಯಾದರೂ ಪಂಪಭಾರತ ಅದರ ಪಕ್ಕದಲ್ಲಿ ಹಾಗೆಯೇ ನಿಂತಿದೆ. ನಾಗಚಂದ್ರನ ರಾಮಚಂದ್ರಚರಿತಪುರಾಣ ವಾಲ್ಮೀಕಿಯಿಂದ ಭಿನ್ನವಾದ ಜೈನಕಥೆಯನ್ನು ಹೇಳುತ್ತದೆ. ಕೇಳುವವರಿಗೆ ಇನ್ನೊಂದು ಕಥೆ ಗೊತ್ತಿದ್ದಾಗಲೇ ಆ ಭಿನ್ನತೆಗೆ ಮೊನೆ ಬರುವುದು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ವಿಷಯದಲ್ಲೂ ಹೀಗೆಯೇ. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳು ನಮಗೆ ದೊರೆತಿವೆ. ಶಿವಗಣಪ್ರಸಾದಿ ಮಹದೇವಯ್ಯನ ಸಂಕಲನವನ್ನು ಹಲಗೆಯಾರ್ಯನಾಗಲಿ, ಗುಮ್ಮಳಾಪುರದ ಸಿದ್ಧಲಿಂಗಯತಿಯಾಗಲಿ, ಗೂಳೂರ ಸಿದ್ಧವೀರಣ್ಣನಾಗಲಿ ಅಳಿಸಿ ಬರೆಯಲಿಲ್ಲ. ಪಕ್ಕದಲ್ಲಿ ಇನ್ನೊಂದನ್ನು ಕಟ್ಟಿದರು. ನಾಲ್ಕೂ ಉಳಿದಿರುವುದೇ ನಮ್ಮ ವಾದಕ್ಕೆ ಪ್ರಮಾಣ.

ಹಾಗಾದರೆ ನಮ್ಮಲ್ಲಿ ನಷ್ಟವೇ ಆಗಿಲ್ಲವೆ? ಬಹಳ ಆಗಿದೆ, ಮತ್ತು ಬೇರೆಯ ರೀತಿಯಲ್ಲಿ ಆಗಿದೆ. ಕವಿರಾಜಮಾರ್ಗ ಹೆಸರಿಸುವ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಕನ್ನಡ ಗದ್ಯ ಎಲ್ಲಿದೆ? ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳು ಎಲ್ಲಿವೆ? ಅವುಗಳನ್ನು ಯಾರೂ ಉಜ್ಜಿಹಾಕಲಿಲ್ಲ. ಯಾರೂ ಪ್ರತಿಮಾಡಲಿಲ್ಲ, ಅಷ್ಟೆ. ಹುಳು, ತೇವ, ಬೆಂಕಿಗಳ ನಾಡಿನಲ್ಲಿ ಓಲೆಯ ಆಯುಸ್ಸು ಮಿತವಾದುದು. ಕಾಲಕಾಲಕ್ಕೆ ಹೊಸ ಓಲೆಗೆ ಏರಿದ ಗ್ರಂಥ ಮಾತ್ರ ಬದುಕುತ್ತದೆ. ಹೊಸ ಪ್ರತಿಯಾದ ಮೇಲೆ ಜೀರ್ಣವಾದ ಕಟ್ಟನ್ನು ಹೊಳೆಗೆ ಬಿಡುವ ಪದ್ಧತಿಯೂ ಇತ್ತು. ಯೂರೋಪಿನ ಪ್ಯಾಲಿಂಪ್ಸೆಸ್ಟಿನಲ್ಲಿ ತೊಗಲು ಉಳಿದು ಗ್ರಂಥ ಅಳಿಯಿತು. ನಮ್ಮಲ್ಲಿ ಓಲೆ ಅಳಿದು ಗ್ರಂಥ ಉಳಿಯಿತು, ಇಲ್ಲವೆ ಎರಡೂ ಒಟ್ಟಿಗೆ ಹೋದವು. ಆರ್ಕಿಮಿಡೀಸನಿಗೆ ಒದಗಿದ ಎರಡನೆಯ ಜನ್ಮ ಗುಣವರ್ಮನಿಗೆ ಒದಗಲಾರದು. ಯಾವ ಕ್ಷಕಿರಣವೂ ಶೂದ್ರಕವನ್ನು ಇನ್ನೊಂದು ಓಲೆಯ ಅಡಿಯಿಂದ ಎತ್ತಿಕೊಡಲಾರದು. ಅವನ ಪದ್ಯಗಳು ಕೆಲವಾದರೂ ದೊರೆತಿದ್ದರೆ ಅದಕ್ಕೆ ಕಾರಣ 13ನೆಯ ಶತಮಾನದ ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವದಂತಹ ಸಂಕಲನಗಳು. ಮೆಚ್ಚಿದವನು ಎತ್ತಿ ಬರೆದುಕೊಂಡುದರಿಂದ ಅವು ಉಳಿದವು. ಆದಕಾರಣ ನಮ್ಮ ಪರಂಪರೆಯನ್ನು ಪ್ಯಾಲಿಂಪ್ಸೆಸ್ಟ್ ಎನ್ನುವವರು ತಿಳಿಯದೆಯೇ ಒಂದು ಭರವಸೆಯನ್ನು ಕೊಡುತ್ತಿದ್ದಾರೆ: ಹಳೆಯದೆಲ್ಲ ಅಡಿಯಲ್ಲೆಲ್ಲೋ ಸುರಕ್ಷಿತವಾಗಿದೆ, ತಾಳ್ಮೆಯಿಂದ ಓದಿದರೆ ಸಿಕ್ಕೀತು ಎಂದು. ಅಡಿಯಲ್ಲಿ ಏನೂ ಇಲ್ಲ. ಪ್ರತಿಮಾಡದ್ದು ಹೋಗಿದೆ. ಇಂದೂ ಮಠಗಳಲ್ಲಿ, ಬಸದಿಗಳಲ್ಲಿ, ಮನೆಗಳ ಅಟ್ಟದ ಮೇಲೆ ಇರುವ ಕಟ್ಟುಗಳ ವಿಷಯದಲ್ಲಿ ಈ ಭರವಸೆ ಅಪಾಯಕಾರಿಯಾದುದು.

ಇಲ್ಲಿ ಬರಬಹುದಾದ ಒಂದು ಆಕ್ಷೇಪವನ್ನು ಪರಿಗಣಿಸಬೇಕು. 1979ರಲ್ಲಿ ಸ್ಯಾಂಡ್ರಾ ಗಿಲ್ಬರ್ಟ್ ಮತ್ತು ಸುಸಾನ್ ಗೂಬಾರ್ ತಮ್ಮ ಗ್ರಂಥದಲ್ಲಿ 19ನೆಯ ಶತಮಾನದ ಲೇಖಕಿಯರ ಕೃತಿಗಳಿಗೆ ಈ ವಿಶೇಷಣವನ್ನು ಬಳಸಿದರು. ಒಪ್ಪಿತವಾದ ಮೇಲ್ಮೈಯ ಅಡಿಯಲ್ಲಿ ಒಪ್ಪಿತವಲ್ಲದ ಅರ್ಥವನ್ನು ಅವರು ಬಚ್ಚಿಟ್ಟರೆಂಬುದು ಅಭಿಪ್ರಾಯ. ಈ ದೃಷ್ಟಿಯಿಂದ ಚಿಕ್ಕದೇವರಾಯನ ಆಸ್ಥಾನದ ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’ವನ್ನು ಓದಬಹುದಲ್ಲವೆ? ಪಾತಿವ್ರತ್ಯವನ್ನು ಬೋಧಿಸುವ ಕೃತಿಯಲ್ಲಿ ಹೆಣ್ಣನ್ನು ಹೀಗಳೆಯುವವರ ಮೇಲೆ ಆಕೆ ಎತ್ತುವ ಪ್ರಶ್ನೆ ಇದೆಯಲ್ಲ? ವಾದ ತೂಕವುಳ್ಳದ್ದೇ. ಆದರೆ ಹೊನ್ನಮ್ಮನ ಪ್ರಶ್ನೆ ಅಡಿಯಲ್ಲಿ ಇಲ್ಲ, ಅದು ಮುಚ್ಚುಮರೆಯಿಲ್ಲದೆ ಪದ್ಯದಲ್ಲೇ ಇದೆ. ಆಕೆಯ ಎರಡು ಮಾತುಗಳೂ ಒಂದೇ ಕಂಠದವು. ಅದನ್ನು ಪ್ಯಾಲಿಂಪ್ಸೆಸ್ಟ್ ಎಂದರೆ ಆಕೆಯ ಬಾಯಿಂದ ನೇರವಾಗಿ ಬಂದುದನ್ನು ನಾವೇ ಅಡಿಗೆ ತಳ್ಳಿದಂತಾಗುತ್ತದೆ. ಇನ್ನು ಹೇಳದೆ ಸೂಚಿಸುವ ಅರ್ಥಕ್ಕೆ ಧ್ವನಿಯೆಂಬ ಹೆಸರು ಆನಂದವರ್ಧನನ ಕಾಲದಿಂದ ಇದೆ.

ಪದವನ್ನು ಕನ್ನಡದಿಂದ ಹೊರಹಾಕಬೇಕೆಂಬುದು ನಮ್ಮ ಉದ್ದೇಶವಲ್ಲ. ಅದಕ್ಕೆ ಸಲ್ಲುವ ಎಡೆ ನಮ್ಮಲ್ಲೂ ಇದೆ: ತಾಮ್ರಶಾಸನಗಳಲ್ಲಿ. ಹಳೆಯ ದಾನದ ಬರಹವನ್ನು ಬಡಿದು ಸಮಮಾಡಿ, ಅದೇ ತಗಡಿನ ಮೇಲೆ ಹೊಸ ದಾನವನ್ನು ಕೊರೆದ ಶಾಸನಗಳನ್ನು ಶಾಸನತಜ್ಞರು ಬಹುಹಿಂದಿನಿಂದ ಈ ಹೆಸರಿನಿಂದಲೇ ಕರೆದಿದ್ದಾರೆ. ತಗಡು ಬೆಲೆಯುಳ್ಳದ್ದು, ಬಡಿದದ್ದು ಉದ್ದೇಶಪೂರ್ವಕ, ಬಡಿದರೂ ಹಳೆಯ ಅಕ್ಷರಗಳ ಜಾಡು ಕಾಣುತ್ತದೆ. ಪದದ ಮೂರು ಅಂಶಗಳೂ ಇಲ್ಲಿ ಕೂಡಿಬರುತ್ತವೆ. ಹಳೆಯ ದಾನ ಸಹಜವಾಗಿ ಮುಗಿದುಹೋಗಿತ್ತೋ, ಯಾರದೋ ಭೂಮಿ ಇನ್ನಾರದೋ ಪಾಲಾಯಿತೋ ಎಂಬ ಪ್ರಶ್ನೆ ಅಂತಹ ಪ್ರತಿಯೊಂದು ತಗಡಿನ ಮುಂದೆಯೂ ಏಳಬೇಕು.

ದೆಹಲಿಯ ಓದುಗರಿಗೆ ಇನ್ನೂ ಸಮೀಪದ ನಿದರ್ಶನವಿದೆ. ಫಿರೋಜ್ ಷಾ ಕೋಟ್ಲಾದಲ್ಲಿ ನಿಂತಿರುವ ಅಶೋಕಸ್ತಂಭವನ್ನು 14ನೆಯ ಶತಮಾನದಲ್ಲಿ ತೋಪ್ರಾದಿಂದ ತರಲಾಯಿತು. ಅದರ ಮೇಲೆ ಅಶೋಕನ ಶಾಸನಗಳಿವೆ. ಚಾಹಮಾನ ವೀಸಲದೇವನ 1164ರ ಬರಹವೂ ಇದೆ. ಸುಮಾರು ಹದಿನಾಲ್ಕು ಶತಮಾನಗಳ ಅಂತರದ ಇವು ಒಂದೇ ಕಲ್ಲಿನ ಮೇಲೆ ತಮ್ಮ ತಮ್ಮ ಎಡೆಯಲ್ಲಿವೆ. ಅಲಹಾಬಾದಿನ ಸ್ತಂಭದಲ್ಲಿ ಹಾಗಲ್ಲ. ಅಲ್ಲಿ ಸಮುದ್ರಗುಪ್ತನ ಪ್ರಶಸ್ತಿ ಅಶೋಕನ ಬರಹದೊಡನೆ ಬಾಳಿದೆ. ಆದರೆ ಜಹಾಂಗೀರನ ವಂಶಾವಳಿಯನ್ನು ಕೊರೆಯುವಾಗ ಅಶೋಕನ ಶಾಸನದ ಹಲವು ಸಾಲುಗಳು ಹಾಳಾದವು. ಒಂದು ಕಲ್ಲಿನ ಮೇಲೆ ಪಕ್ಕಪಕ್ಕದ ಬರಹ, ಇನ್ನೊಂದರ ಮೇಲೆ ಹಳೆಯದನ್ನು ಕಡಿದ ಬರಹ. ಎರಡನ್ನೂ ಪ್ಯಾಲಿಂಪ್ಸೆಸ್ಟ್ ಎಂದುಬಿಟ್ಟರೆ ಆ ಸಾಲುಗಳು ಹೋದವೆಂಬ ಸಂಗತಿಯೇ ಮಾತಿನಲ್ಲಿ ಮುಚ್ಚಿಹೋಗುತ್ತದೆ.

ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? ‘ಮರುಬರಹ’ ಎಂದರೆ ತಿದ್ದಿ ಬರೆದದ್ದೆಂದಾಗುತ್ತದೆ. ‘ಬಹುಸ್ತರೀಯ ಪಠ್ಯ’ ಎಂಬುದು ಮೇಲೆ ವಿರೋಧಿಸಿದ ತಪ್ಪನ್ನೇ ಸ್ಥಿರಗೊಳಿಸುತ್ತದೆ. ‘ಅಳಿಸಿ ಬರೆದ ಓಲೆ’ ಎಂಬುದು, ಈವರೆಗೆ ವಿವರಿಸಿದಂತೆ, ಅಸಾಧ್ಯವಾದ ವಸ್ತು. ತೆಂಗಿನಕಾಯಿಯನ್ನು ಹೆರೆಯುವ ಹೆರೆಮಣೆ ಹಲವು ಮನೆಗಳಲ್ಲಿ ಇನ್ನೂ ಇದೆ. ಆ ಧಾತುವಿನಿಂದ ‘ಹೆರೆಬರಹ’ ಎನ್ನಬಹುದೆಂದು ನಮಗೆ ತೋರುತ್ತದೆ. ಶಬ್ದ ಸ್ವಲ್ಪ ಒರಟು. ಆದರೆ ಕೇಳಿದೊಡನೆ ಹೆರೆದವನಾರು, ಹೆರೆದುಹೋದುದೇನು ಎಂಬ ಪ್ರಶ್ನೆಯನ್ನು ಎಬ್ಬಿಸುತ್ತದೆ. ತಾಮ್ರಶಾಸನಗಳ ವಿವರಣೆಯಲ್ಲಿ ಇದನ್ನು ಮೊದಲು ಬಳಸಿ ನೋಡಬಹುದು. ಶಾಸನಾಭ್ಯಾಸಿಗಳು ಇದಕ್ಕಿಂತ ಉತ್ತಮವಾದುದನ್ನು ಸೂಚಿಸಿದರೆ ಅದನ್ನೇ ಸ್ವೀಕರಿಸಲು ನಮಗೆ ಅಡ್ಡಿಯಿಲ್ಲ.